ಗೂಟಕ್ಕೆ ತೂಗಿದ ಡೊಳ್ಳು

ದೀಪಾವಳಿ ಅಮಾವಾಸ್ಯೆಯ ರಾತ್ರಿ ಶಿವ-ಪಾರ್ವತಿ ಬಂದು ಹುಲಜಂತಿಯ ಮಹಾಲಿಂಗರಾಯನ ಗುಡಿಗೆ ಮುಂಡಾಸ ಸುತ್ತಿ ಹೋಗುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಮರುದಿನ ಪಲ್ಲಕ್ಕಿಗಳ ಭೇಟಿ. ಗುರು ಬೀರಪ್ಪ ಮತ್ತು ಶಿಷ್ಯ ಮಹಾಲಿಂಗರಾಯ ಎದುರುಬದುರಾಗುವ ಆ ಗಳಿಗೆಗಾಗಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಇಂಡಿ, ಚಡಚಣದ ಕಡೆಯಿಂದ ಜನ ಮಂಗಳವೇಢೆ ತಾಲ್ಲೂಕಿನ ಈ ಗಡಿಹಳ್ಳಿಗೆ ಬರುತ್ತಾರೆ. ಭಂಡಾರದ ಅರಿಸಿನ, ಕೊಬ್ಬರಿ, ಉಣ್ಣೆ ಮುಗಿಲಿಗೆ ಹಾರುತ್ತವೆ. ಡೊಳ್ಳಿನ ಸಪ್ಪಳಕ್ಕೆ ಎದೆಯೊಳಗೇ ನಡುಕ ಹುಟ್ಟುತ್ತದೆ.

ಜಾತ್ರೆಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ: “ವರ್ಷಕ್ಕೊಮ್ಮೆ ನಡಕೊಂತ ಬಂದು, ಡೊಳ್ಳು ಹೊಡದು, ಭಂಡಾರ ಹಚ್ಚಿಕೊಂಡು ಹೋದ್ರ ಮೈಯಾಗಿನ ಬ್ಯಾನಿ ಎಲ್ಲಾ ಹೋಗ್ತಾವ.” ಭಕ್ತಿಯ ಮಾತಾಗಿ ಇದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇದ್ದವರು ಇದನ್ನೇ ಚಿಕಿತ್ಸೆ ಎಂದು ನಂಬಿ ಹೊರಡುತ್ತಾರೆ. ಹಾಗಾಗಿ ದೇಹದ ಕಡೆಯಿಂದ ಈ ಆಚರಣೆಯನ್ನು ಪರೀಕ್ಷಿಸಲೇಬೇಕು.

ನಾನು ಹತ್ತಿರದಿಂದ ಕಂಡದ್ದನ್ನು ಮೊದಲು ಹೇಳುತ್ತೇನೆ. ಒಂದು ಮೇಳದಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜ ಡೊಳ್ಳು ಹಾಕಿಕೊಂಡಿದ್ದ. ಬಲಗೈಯಲ್ಲಿ ಗುಣಿ ಎಂಬ ಕೋಲು, ಇನ್ನೊಂದು ಕಡೆಗೆ ಬರಿ ಅಂಗೈಯ ಪೆಟ್ಟು. ಮೊಣಕಾಲು ಮಡಿಸಿ ಬಾಗುತ್ತಾನೆ, ಏಳುತ್ತಾನೆ, ಸುತ್ತು ತಿರುಗುತ್ತಾನೆ, ನಡುನಡುವೆ ಪದದ ಸೊಲ್ಲನ್ನೂ ಎತ್ತುತ್ತಾನೆ. ಬೆವರಿಗೆ ಭಂಡಾರ ಕಲೆತು ಹಣೆಯಿಂದ ಗದ್ದದ ತನಕ ಹಳದಿ ಗೆರೆ ಇಳಿದಿತ್ತು. ಉಸಿರು ಮಾತ್ರ ತಾಳ ತಪ್ಪಿರಲಿಲ್ಲ. ಅವನ ಬಗಲಲ್ಲೇ ಮೂವತ್ತರ ಹರೆಯದ ಒಬ್ಬ ಎರಡೇ ಸುತ್ತಿಗೆ ಡೊಳ್ಳು ಇಳಿಸಿ, ಕಟ್ಟೆಯ ಮೇಲೆ ಕೂತು ತೇಕುತ್ತಿದ್ದ. ಅಜ್ಜನನ್ನು ಕೇಳಿದೆ. “ನಾ ದಿನಾ ಕುರಿ ಹಿಂದ ತಿರಗಾಡಾಂವ ತಮ್ಮಾ, ನನಗಿದೇನ್ ಹೊಸಾದು? ಇಂವ ದಿನಾ ಟೆಂಪೋದಾಗ ಕುಂಡ್ರಾಂವ” ಎಂದ.

ಅಜ್ಜ ಹೇಳಿದ್ದನ್ನೇ ವಿಜ್ಞಾನವೂ ತನ್ನ ದಾರಿಯಲ್ಲಿ ಕಂಡುಕೊಂಡಿದೆ. 1953ರಲ್ಲಿ ಜೆರೆಮಿ ಮಾರಿಸ್ ಲಂಡನ್ನಿನ ಡಬ್ಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿದರು. ದಿನವಿಡೀ ಕೂತ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಯಾಕೆ ಎಂಬುದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಉತ್ತರದ ಒಂದು ದೊಡ್ಡ ಭಾಗ ಉರಿಯೂತದಲ್ಲಿದೆ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಬಾಯುತ್ತದೆ. ಕೆಲಸ ಮುಗಿದ ಮೇಲೆ ಇಳಿಯುತ್ತದೆ. ಅದು ಒಲೆಯ ಬೆಂಕಿಯ ಹಾಗೆ, ಬೇಕಾದದ್ದು. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೊಬ್ಬು ತುಂಬಿದಾಗ ಬೇರೊಂದು ಬಗೆಯದು ಹುಟ್ಟುತ್ತದೆ. ಆ ಕೊಬ್ಬಿನೊಳಗೆ ರಕ್ಷಣಾ ಕಣಗಳು ನುಗ್ಗಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳನ್ನು ಹಗಲೂ ರಾತ್ರಿ ಸುರಿಸುತ್ತಿರುತ್ತವೆ. ಜ್ವರವಿಲ್ಲ, ನೋವಿಲ್ಲ. ಕುಳ್ಳಿನ ರಾಶಿಗೆ ಒಳಗೊಳಗೇ ಬೆಂಕಿ ಹತ್ತಿ ಹೊಗೆಯಾಡುವ ಹಾಗೆ ಅದು ವರ್ಷಗಟ್ಟಲೆ ನಡೆಯುತ್ತದೆ. ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಂತಾಗುವುದರಲ್ಲಿ, ರಕ್ತನಾಳದ ಗೋಡೆ ಕೆಡುವುದರಲ್ಲಿ ಈ ಹೊಗೆಯ ಪಾಲು ದೊಡ್ಡದು. ತೆಳ್ಳಗಿದ್ದವರಿಗೆ ಇದರ ಭಯವಿಲ್ಲ ಎಂದುಕೊಳ್ಳುವ ಹಾಗೂ ಇಲ್ಲ. ನೋಡಲು ಸಣಕಲಾದರೂ ಒಳಗೆ ಕೊಬ್ಬು ಹೊತ್ತ ಭಾರತೀಯ ಮೈಕಟ್ಟನ್ನು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಅವರ ತಂಡ ಅಲ್ಲಿಯ ಹಳ್ಳಿಗಳ ಹಸುಗೂಸುಗಳಲ್ಲೇ ಗುರುತಿಸಿದ್ದಾರೆ.

ನನ್ನನ್ನು ಬೆರಗುಗೊಳಿಸಿದ್ದು ಮುಂದಿನ ಸಂಗತಿ. ಕೊಬ್ಬಿನಿಂದ ಸೋರಿ ಕಾಡುವ ಅದೇ ಇಂಟರ್‌ಲ್ಯೂಕಿನ್-6 ದುಡಿಯುವ ಸ್ನಾಯುವಿನಿಂದಲೂ ಹೊರಡುತ್ತದೆ. ಡೆನ್ಮಾರ್ಕಿನ ಬೆಂಟೆ ಪೆಡರ್ಸನ್ ಮತ್ತು ಸಂಗಡಿಗರು 2000ದ ಹೊತ್ತಿಗೆ ಇದನ್ನು ತೋರಿಸಿದಾಗ ಕೇಡಿನ ವಸ್ತುವೊಂದು ವ್ಯಾಯಾಮದಲ್ಲಿ ಯಾಕೆ ಏರುತ್ತದೆ ಎಂಬ ಗೊಂದಲವೆದ್ದಿತು. ಸ್ನಾಯುವಿನಿಂದ ಅದು ಒಮ್ಮೆ ಉಕ್ಕಿ, ಕೆಲ ತಾಸಿನಲ್ಲಿ ಇಳಿದುಹೋಗುತ್ತದೆ. ಇಳಿಯುವ ಮುಂಚೆ ಉರಿ ಆರಿಸುವ ಇಂಟರ್‌ಲ್ಯೂಕಿನ್-10ನ್ನು ಎಬ್ಬಿಸುತ್ತದೆ, ಟಿಎನ್‌ಎಫ್‌ಗೆ ಕಡಿವಾಣ ಹಾಕುತ್ತದೆ. ವಸ್ತು ಒಂದೇ ಆದರೂ ಎಲ್ಲಿಂದ ಬಂತು, ಎಷ್ಟು ಹೊತ್ತು ನಿಂತಿತು ಎಂಬುದರ ಮೇಲೆ ಅದರ ಗುಣ ಬದಲಾಗುತ್ತದೆ. ಇದರ ಜೊತೆಗೆ, ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಈ ಎರಡು ಉಪಕಾರಗಳೂ ಹೆಚ್ಚು ದಿನ ಉಳಿಯುವುದಿಲ್ಲ. ಇವತ್ತಿನ ನಡಿಗೆಯ ಫಲ ಒಂದೆರಡು ದಿನದಲ್ಲಿ ಕರಗುತ್ತದೆ, ಮತ್ತೆ ನಡೆಯಬೇಕು.

ವರ್ಷಕ್ಕೊಮ್ಮೆಯ ಲೆಕ್ಕ ಸೋಲುವುದು ಇಲ್ಲಿಯೇ. ಸೋಲುವುದಷ್ಟೇ ಆದರೆ ಚಿಂತೆಯಿರಲಿಲ್ಲ, ಅದರಲ್ಲಿ ಅಪಾಯವೂ ಇದೆ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ವಾರಕ್ಕೊಮ್ಮೆಯೂ ಭಾರಿ ಶ್ರಮ ಪಡದವರು ಒಮ್ಮೆಲೇ ಅಂಥ ಶ್ರಮಕ್ಕಿಳಿದರೆ, ಅದರ ಬೆನ್ನಲ್ಲೇ ಬರುವ ಒಂದು ತಾಸಿನಲ್ಲಿ ಹೃದಯಾಘಾತದ ಸಂಭವ ನೂರಕ್ಕೂ ಹೆಚ್ಚು ಪಟ್ಟು ಏರುತ್ತದೆ. ವಾರಕ್ಕೆ ಐದು ಸಲವೋ ಅದಕ್ಕೂ ಹೆಚ್ಚೋ ಬೆವರಿಳಿಸುವವರಲ್ಲಿ ಅದು ಏರುವುದು 2.4 ಪಟ್ಟು ಮಾತ್ರ. ಆ ಒಂದು ತಾಸಿನ ಒಟ್ಟು ಅಪಾಯ ಸಣ್ಣದೇ, ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಆದರೂ ಅಜ್ಜನಿಗೂ ಟೆಂಪೋದ ಹುಡುಗನಿಗೂ ಇರುವ ಅಂತರ ಈ ಎರಡು ಅಂಕಿಗಳಲ್ಲಿ ಕಾಣುತ್ತದೆ.

ಜಾತ್ರೆಯಿಂದ ಬಂದವರಿಗೆ ಕೆಮ್ಮು, ನೆಗಡಿ ಹಿಡಿಯುವುದನ್ನು ದಣಿವಿನ ತಲೆಗೆ ಕಟ್ಟುವುದುಂಟು. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ಮುಂದಿನ ವಾರ ಶೇ 12.9 ಜನ ನೆಗಡಿ-ಜ್ವರದಂಥ ಸೋಂಕು ಹೇಳಿಕೊಂಡಿದ್ದರು. ಓಟಕ್ಕೆ ಇಳಿಯದಿದ್ದ ಓಟಗಾರರಲ್ಲಿ ಶೇ 2.2. ಡೇವಿಡ್ ನೀಮನ್ ಅವರ ಈ ಲೆಕ್ಕದಿಂದ, ಅತಿಶ್ರಮ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬ ಮಾತು ಬಹುಕಾಲ ನಡೆಯಿತು. 2018ರಲ್ಲಿ ಕ್ಯಾಂಪ್‌ಬೆಲ್ ಮತ್ತು ಟರ್ನರ್ ಅದಕ್ಕೆ ಅಡ್ಡ ನಿಂತರು. ಶ್ರಮದ ನಂತರ ರಕ್ತದಲ್ಲಿ ರಕ್ಷಣಾ ಕಣಗಳು ಕಡಿಮೆ ಕಾಣುವುದು ಅವು ಸತ್ತದ್ದಕ್ಕಲ್ಲ, ಶ್ವಾಸಕೋಶ, ಕರುಳಿನಂಥ ಕಡೆ ಕಾವಲಿಗೆ ಹೋದದ್ದಕ್ಕೆ ಎಂಬುದು ಅವರ ವಾದ. ಜನಸಂದಣಿ, ನಿದ್ದೆಗೇಡು, ಪ್ರಯಾಣಗಳೇ ಹೆಚ್ಚಿನ ತಪ್ಪಿತಸ್ಥರು ಎಂದರು. ಹುಲಜಂತಿಯ ರಾತ್ರಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ: ಅಷ್ಟೊಂದು ಜನ, ಧೂಳು, ಬಯಲಿನ ಚಳಿ, ಕಣ್ಣಿಗೆ ನಿದ್ದೆಯಿಲ್ಲ. ಭಂಡಾರದ ಅರಿಸಿನವೇ ಔಷಧಿ ಎನ್ನುವವರಿಗೂ ಒಂದು ಮಾತು. ಅರಿಸಿನದ ಸಾರ ತಿಂದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಗಾಳಿಗೆ ತೂರಿದ್ದು ಉಬ್ಬಸದವರ ಎದೆಗೆ ತೊಂದರೆಯನ್ನೇ ತರುತ್ತದೆ.

ಹಾಗಾದರೆ ಈ ಪರಂಪರೆಯಲ್ಲಿ ಆರೋಗ್ಯವೇ ಇರಲಿಲ್ಲವೇ? ಖಂಡಿತ ಇತ್ತು. ಅದಿದ್ದದ್ದು ಜಾತ್ರೆಯ ಹಿಂದಿನ ಬದುಕಿನಲ್ಲಿ. ಮೇವು ಹುಡುಕುತ್ತ ಊರೂರು ನಡೆದು, ಕಂಡವರ ಹೊಲದಲ್ಲಿ ಕುರಿ ತರುಬಿ, ಬೆಳಗಾದರೆ ಮತ್ತೆ ಹೊರಡುವ ಹಾಲುಮತದವರಿಗೆ ನಡಿಗೆ ಬೇರೆಯಾಗಿ ಬೇಕಿರಲಿಲ್ಲ. ದೀಪಾವಳಿಯ ಕುಣಿತ ಆ ವರ್ಷವಿಡೀ ನಡಿಗೆಯ ಕಳಸವಾಗಿತ್ತು. ಈಗ ಗೋಡೆ ಹೋಗಿ ಕಳಸ ಉಳಿದಿದೆ. ಬೈಕು ಬಂತು, ಕುರಿ ಮಾರಿಹೋದವು, ಡೊಳ್ಳು ಗೂಟಕ್ಕೆ ತೂಗಿತು. 2023ರಲ್ಲಿ ಹೊರಬಂದ ಐಸಿಎಂಆರ್ ಸಮೀಕ್ಷೆ ಎಣಿಸಿದ್ದು ದೇಶದಲ್ಲಿ 10.1 ಕೋಟಿ ಸಕ್ಕರೆ ಕಾಯಿಲೆಯವರನ್ನು. ಹಳ್ಳಿ ಅದರಿಂದ ಹೊರಗುಳಿದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕೊರೆಯುವ ಕೊರತೆ ಬೇರೆಯದು. ಕುಣಿಯುವವರೆಲ್ಲ ಗಂಡಸರು. ಹೆಣ್ಣುಮಕ್ಕಳು ಆರತಿ ಹಿಡಿದು ನಿಲ್ಲುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಕೂತು ದುಡಿಯುವ ಹೆಣ್ಣುಮಕ್ಕಳಿಗೂ ಈ ಕುಣಿತ ಬೇಕು. ಸೊಲ್ಲಾಪುರದ ಹೊರಗೆ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಹೆಣ್ಣುಮಕ್ಕಳಿಗಾಗಿ 10,000 ಮನೆಗಳ ವಸತಿಯೊಂದು 2006ರಲ್ಲಿ ಆಯಿತು. ಬೀಡಿ ಕಟ್ಟುವಾಕೆ ಮೊರ ತೊಡೆಯ ಮೇಲಿಟ್ಟು ಬೆಳಗಿನಿಂದ ಸಂಜೆತನಕ ಕೂರುತ್ತಾಳೆ. ಬೆರಳು ಓಡುತ್ತವೆ, ತೊಡೆಯ ಸ್ನಾಯು ಮಲಗಿರುತ್ತದೆ, ಮೂಗಿಗೆ ತಂಬಾಕಿನ ಧೂಳು. “ದಿನಾ ದುಡಿತೀನಲ್ಲ, ಮತ್ಯಾಕ ವ್ಯಾಯಾಮ?” ಎಂದರೆ ಅವಳ ದಣಿವು ನಿಜ, ಆದರೆ ಲಂಡನ್ನಿನ ಲೆಕ್ಕದಲ್ಲಿ ಅವಳು ಡ್ರೈವರಿನ ಸಾಲಿಗೇ ಸೇರುತ್ತಾಳೆ. ಕರ್ನಾಟಕದಲ್ಲಿ ಮಹಿಳಾ ಡೊಳ್ಳಿನ ತಂಡಗಳು ಈಗ ಹೊಸದಲ್ಲ. ನಮ್ಮ ಗಡಿಯ ಮೇಳಗಳೂ ಅವಳಿಗೆ ಡೊಳ್ಳು ಕೊಡಬೇಕು.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಹದವಾದ ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಡೊಳ್ಳಿನಲ್ಲಿ ಎರಡೂ ಇವೆ, ಮೇಲೆ ಹಾಡೂ ಇದೆ, ಸಂಗಡಿಗರೂ ಇದ್ದಾರೆ. ಸಂಜೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ ಗುಡಿಯ ಮುಂದೆ ಬಾರಿಸಿದರೆ ಲೆಕ್ಕ ಸರಿಹೋಗುತ್ತದೆ. ಇಷ್ಟು ಅಗ್ಗದ, ಇಷ್ಟು ನಮ್ಮದಾದ ವ್ಯಾಯಾಮ ನನಗೆ ಬೇರೆ ಗೊತ್ತಿಲ್ಲ.

ಮುಂದಿನ ದೀಪಾವಳಿಗೆ ಹುಲಜಂತಿಗೆ ನಡೆದೇ ಬನ್ನಿ. ಆದರೆ ಇವತ್ತಿನಿಂದಲೇ ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ. ಶುಗರಿನ ಗುಳಿಗೆ ಬಿಡಬೇಡಿ. ಎದೆ ಹಿಡಿದಂತಾದರೆ ಡೊಳ್ಳು ಇಳಿಸಿ, ಡಾಕ್ಟರ ಹತ್ತಿರ ಹೋಗಿ. ಪಾದಕ್ಕೆ ಜೋಮು ಇದ್ದವರು ಬರಿಗಾಲ ಹರಕೆ ಹೊರಬೇಡಿ. ಕಾಲಿಗೆ ಕೆರ ಮೆಟ್ಟಿಕೊಂಡೇ ಬನ್ನಿ, ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿ.