ಹಿಂಡಿ ಬಿಟ್ಟು ಹಾಲು ಅಳೆಯುವ ಜಾಣತನ

ಆಹಾರ ಸುರಕ್ಷತಾ ಪ್ರಾಧಿಕಾರ 2019ರ ಅಕ್ಟೋಬರಿನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಹಾಲು ಸಮೀಕ್ಷೆ ನಮಗೆಲ್ಲ ಸಮಾಧಾನ ತಂದಿತ್ತು. ದೇಶದಾದ್ಯಂತ ಕಲೆಹಾಕಿದ 6,432 ಮಾದರಿಗಳಲ್ಲಿ ಕಲಬೆರಕೆಯದು ಬರೀ 12. ಯೂರಿಯಾ, ಡಿಟರ್ಜೆಂಟ್ ಎಂದು ವರ್ಷಗಟ್ಟಲೆ ಹೆದರಿದ್ದವರು ನಿಟ್ಟುಸಿರು ಬಿಟ್ಟರು. ಅದೇ ವರದಿಯ 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ಬೂಷ್ಟಿನ ವಿಷ ಮಿತಿ ಮೀರಿತ್ತು. ಅದರ ಬಗ್ಗೆ ಅಷ್ಟೇನೂ ಗಲಾಟೆ ಆಗಲಿಲ್ಲ. ಹಾಲಿಗೆ ಯಾರೋ ಏನೋ ಬೆರೆಸಿದ್ದರೆ ಬೈಯಲು ಒಬ್ಬ ಕಳ್ಳ ಸಿಗುತ್ತಾನೆ. ಇಲ್ಲಿ ಬೆರೆಸಿದವರೇ ಇಲ್ಲ. ಹಸು ಬೂಷ್ಟು ಹಿಡಿದ ಮೇವು ತಿಂದಿತ್ತು, ಅಷ್ಟೆ.

ಸಮೀಕ್ಷೆಯನ್ನು ಮೆಚ್ಚಲೇಬೇಕು. ಇಷ್ಟು ದೊಡ್ಡ ಪ್ರಮಾಣದಲ್ಲಿ ಈ ವಿಷವನ್ನು ಹುಡುಕಿದ್ದು ಅದೇ ಮೊದಲು. ವಿಷ ಬರುವುದು ಮೇವಿನಿಂದ ಎಂದೂ, ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ತೊಂದರೆ ಹೆಚ್ಚೆಂದೂ ಅದು ಹೇಳಿತು. ಆದರೆ ಅಲ್ಲಿಗೇ ನಿಂತಿತು. ಹಿಂಡಿಯ ಒಂದು ಮಾದರಿಯನ್ನೂ ನೋಡಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ: ನಮ್ಮ ಕಾವಲುಗಾರರೆಲ್ಲ ಕೊನೆಯ ಬಾಗಿಲಲ್ಲಿ ಕೂತಿದ್ದಾರೆ.

ಹಿಂಡಿಯಾಗುವ ಶೇಂಗಾದ ದಾರಿ ಹಿಡಿದು ನೋಡಿ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ವಿಷ ಉತ್ಪಾದಿಸುವ ಆಸ್ಪರ್ಜಿಲಸ್ ಶಿಲೀಂಧ್ರ ನೆಲದೊಳಗೇ ಕಾಯಿ ಹೊಗುತ್ತದೆ. ಬಯಲುಸೀಮೆಯಲ್ಲಿ ಅದು ಅಪರೂಪದ ಸಂಗತಿಯೇನಲ್ಲ. ಕಿತ್ತ ಮೇಲೆ ಕಾಳು ಆರಿಸುತ್ತಾರೆ: ದಪ್ಪನೆಯದು, ಹೊಳೆಯುವುದು ತಿನ್ನಲು ಮತ್ತು ರಫ್ತಿಗೆ, ಸುಕ್ಕಾದದ್ದು, ಬಣ್ಣಗೆಟ್ಟದ್ದು, ಮುರಿದದ್ದು ಎಣ್ಣೆ ಮಿಲ್ಲಿಗೆ. ಶಿಲೀಂಧ್ರ ಮನೆಮಾಡುವುದು ಹೆಚ್ಚಾಗಿ ಈ ಎರಡನೆಯ ಗುಂಪಿನಲ್ಲೇ. ಹಿಂಡಿದಾಗ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಎಣ್ಣೆಯಲ್ಲಿ ಬಂದಿದ್ದನ್ನು ರಿಫೈನರಿ ತೆಗೆಯುತ್ತದೆ. ಮನುಷ್ಯ ಬೇಡವೆಂದದ್ದೆಲ್ಲ ಹೀಗೆ ಕೊಟ್ಟಿಗೆಗೆ ಬಂದು, ಮಾರನೆಯ ದಿನವೇ ಹಾಲಾಗಿ ಅವನ ಲೋಟಕ್ಕೆ ವಾಪಸಾಗುತ್ತದೆ. ಕಾಯಿಸಿದರೂ ವಿಷ ಹೋಗುವುದಿಲ್ಲ.

ಇದು ಹೊಸ ತಿಳಿವಳಿಕೆಯೂ ಅಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಕಡೆಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಅಡುಗೆ ತಿಂದ ನಾಯಿಗಳೂ ಸತ್ತವು.

ಈಗ ಕಾನೂನಿನ ಲೆಕ್ಕಕ್ಕೆ ಬರೋಣ. ಹಾಲಿನಲ್ಲಿ ಎಂ1 ಕಿಲೋಗೆ 0.5 ಮೈಕ್ರೋಗ್ರಾಂ ದಾಟಬಾರದು. ಯುರೋಪಿನ ಮಿತಿ ಇದರ ಹತ್ತನೇ ಒಂದು ಪಾಲು. ಪಶು ಆಹಾರಕ್ಕೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಇಟ್ಟ ಮಿತಿ ಕಿಲೋಗೆ 20 ಮೈಕ್ರೋಗ್ರಾಂ ಬಿ1, ಅಂದರೆ ಹಸುವಿನ ದೇಹದಲ್ಲಿ ಎಂ1 ಆಗಿ ಬದಲಾಗುವ ಮೂಲ ವಿಷ. ಹಸು ತಿಂದದ್ದರಲ್ಲಿ ನೂರಕ್ಕೆ ಎರಡು ಪಾಲು ಹಾಲಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. 20ರ ಮಿತಿಯೊಳಗಿನ ಆಹಾರ ದಿನಕ್ಕೆ 4 ಕಿಲೋ ತಿಂದು 10 ಲೀಟರ್ ಕೊಡುವ ಹಸುವಿನ ಹಾಲಿನಲ್ಲಿ ಲೀಟರಿಗೆ 0.16 ಬರುತ್ತದೆ: ನಮಗೆ ಪಾಸು, ಯುರೋಪಿಗೆ ನಪಾಸು. ಕಿಲೋಗೆ 200 ಮೈಕ್ರೋಗ್ರಾಮಿನ ಹಿಂಡಿಯನ್ನು ಬರೀ 2 ಕಿಲೋ ಹಾಕಿ, 0.8 ಆಯಿತು. ಅಂದರೆ ಮೇವಿನ ಮಿತಿ ಕಾದರೆ ಹಾಲಿನ ಮಿತಿ ತಾನಾಗಿ ಉಳಿಯುತ್ತದೆ. ಆದರೆ ಬಿಐಎಸ್ ಮಾನಕ ಬಹುಕಾಲ ಇಷ್ಟವಿದ್ದವರು ಪಾಲಿಸುವಂಥದ್ದಾಗಿತ್ತು. 2020ರ ಆರಂಭದಲ್ಲಿ ಕಡ್ಡಾಯವೆಂದು ಆದೇಶ ಬಂತು, ಆಮೇಲೆ ಜಾರಿಯ ದಿನ ಮುಂದಕ್ಕೆ ಹೋಯಿತು.

ಈ ಖಾಲಿ ಜಾಗದಲ್ಲಿ ಬೆಳೆದದ್ದು ಮೇವಿಗೆ ಬೆರೆಸುವ ಟಾಕ್ಸಿನ್ ಬೈಂಡರ್ ವ್ಯಾಪಾರ. ಕೋಳಿ ಫಾರಂಗಳಲ್ಲಿ ಇದಿಲ್ಲದೆ ಫೀಡ್ ಮಿಕ್ಸರ್ ತಿರುಗುವುದು ಕಡಿಮೆ. ಇಂಥ ಬೈಂಡರುಗಳಲ್ಲಿ ಒಂದಾದ ಬೆಂಟೊನೈಟ್ ಜೇಡಿ ಅಫ್ಲಾಟಾಕ್ಸಿನ್ನನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ, ಆ ಮಾತು ನಿಜ. ಆದರೆ ಬೇರೆ ಬೂಷ್ಟಿನ ವಿಷಗಳಾದ, ಕೋಳಿಯ ಬಾಯಿ ಹುಣ್ಣಾಗಿಸುವ ಟಿ-2ರ ಮೇಲೆ, ಹಂದಿಯ ಗರ್ಭ ಕೆಡಿಸುವ ಝಿಯರಲೆನೋನ್ ಮೇಲೆ ಅದರ ಆಟ ನಡೆಯದು. ಯುರೋಪ್ 2013ರಲ್ಲಿ ಇದಕ್ಕೆ ಅನುಮತಿ ಕೊಟ್ಟದ್ದು ಬಿ1ರ ವಿರುದ್ಧ ಮಾತ್ರ. ಮಿತಿ ಮೀರಿದ ಮೇವನ್ನು ಒಳ್ಳೆಯದರೊಡನೆ ಬೆರೆಸಿ ತೆಳುಮಾಡುವುದೂ ಅಲ್ಲಿ ನಿಷಿದ್ಧ. ನಮ್ಮಲ್ಲಿ ಬೈಂಡರ್ ಎಂದರೆ ಬೂಷ್ಟು ಹಿಡಿದ ಮೆಕ್ಕೆಜೋಳ ಕೊಳ್ಳಲು ಸಿಕ್ಕ ಪರವಾನಗಿ. ವಿಷ ಎಷ್ಟಿದೆ, ಯಾವುದಿದೆ ಎಂದು ನೋಡದೆ ಟನ್ನಿಗೆ ಇಷ್ಟು ಕಿಲೋ ಎಂದು ಸುರಿಯುವುದನ್ನು ಚಿಕಿತ್ಸೆ ಎನ್ನಲಾಗದು.

ಪರೀಕ್ಷೆಯೂ ಸುಲಭವಲ್ಲ, ಒಪ್ಪುತ್ತೇನೆ. ವಿಷ ಲಾರಿಯ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಚೀಲದ ಮೂಲೆಯ ಹಿಡಿ ಕಾಳಿನಲ್ಲಿ ವಿಪರೀತವಿದ್ದು, ಪಕ್ಕದ ಹತ್ತು ಚೀಲ ಶುದ್ಧವಿರಬಹುದು. ಮೇಲಿನ ಒಂದು ಚೀಲಕ್ಕೆ ಬಂಬು ಚುಚ್ಚಿ ತೆಗೆದ ಮಾದರಿ ಏನನ್ನೂ ಹೇಳುವುದಿಲ್ಲ. ಹಾಗಾಗಿ ಮೊದಲು ಖರ್ಚು ಮಾಡಬೇಕಾದ್ದು ಬೂಷ್ಟು ಹಿಡಿಯುವ ಮುನ್ನವೇ ಕಾಳು ಒಣಗಿಸುವ ಕಡೆ. ದಾವಣಗೆರೆ, ಹಾವೇರಿಯ ರೈತ ಹಿಂಗಾರು ಮಳೆಯ ನಡುವೆ ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಮೇಲೆ ಹರಡುವುದು ಬೇರೆ ಕಣವಿಲ್ಲದೆ. ತೇವಾಂಶ ಶೇಕಡ 14ಕ್ಕೆ ಇಳಿಸಲು ಅವನ ಬಳಿ ಇರುವ ಯಂತ್ರ ಬಿಸಿಲು ಮಾತ್ರ.

ಹಾಲಿನ ಡೈರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ ಕಟ್ಟುತ್ತಾರೆ. ಪಶು ಆಹಾರದ ಚೀಲದ ಮೇಲೆ ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಅಚ್ಚಾಗಿರುತ್ತವೆ. ಆ ಲಾಟಿನ ಅಫ್ಲಾಟಾಕ್ಸಿನ್ ಎಷ್ಟೆಂಬ ಇನ್ನೊಂದು ಸಾಲು ಅಚ್ಚು ಹಾಕಿಸಲು ಜಾಗ ಬೇಕಾದಷ್ಟಿದೆ.