ಪೋಸ್ಟರ್ ಕೆಳಗೆ ಕೂತಿದ್ದ ಚಿಗವ್ವ

ಹಬ್ಬ ಮುಗಿಸಿ ವಾಪಸ್ ಬರೋವಾಗ ದೇವದುರ್ಗ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯ್ತಿದ್ದೆ. ಗೋಡೆ ಮೇಲೆ ಮಾನವ ಕಳ್ಳಸಾಗಣೆ ವಿರುದ್ಧದ ಪೋಸ್ಟರ್, ಅದರಲ್ಲಿ ಸಂಕೋಲೆ ಹಾಕಿದ ಎರಡು ಕೈ. ಕೆಳಗೆ ಗಂಟುಮೂಟೆ ಇಟ್ಕೊಂಡು ನಮ್ಮೂರಿನ ಚಿಗವ್ವ ಕೂತಿದ್ಲು. ಅವಳ ಕೈಯಲ್ಲಿ ಸಂಕೋಲೆ ಇರಲಿಲ್ಲ, ಗುತ್ತೇದಾರ ತೆಗೆಸಿಕೊಟ್ಟ ಟಿಕೆಟ್ ಇತ್ತು. ಮಗಳ ಮದುವೆಗೆ ಅವನ ಹತ್ರ ನಲವತ್ತು ಸಾವಿರ ಮುಂಗಡ ತಗೊಂಡಿದ್ರು.

"ದಿನಕ್ಕ ಎಷ್ಟು ಕೂಲಿ ಚಿಗವ್ವ?" ಅಂದೆ.

"ಅದು ಅವ್ರಿಗೇ ಗೊತ್ತು ತಮ್ಮಾ. ಮುರಕೊಂತಾರ."

ಆ ಪೋಸ್ಟರ್ ತನ್ನ ಬಗ್ಗೆ ಅಂತ ಅವಳಿಗೆ ಅನಿಸಿರಲಿಲ್ಲ. ಆದ್ರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಓದಿ ನೋಡಿ. ಮುಂಗಡ ತಗೊಂಡ ಕಾರಣಕ್ಕೆ ನಾಮಕಾವಾಸ್ತೆ ಕೂಲಿಗೆ ದುಡಿಯೋದು, ಬೇರೆ ಕಡೆ ಕೆಲಸಕ್ಕೆ ಹೋಗೋ ಸ್ವಾತಂತ್ರ್ಯ ಕಳಕೊಳ್ಳೋದು, ಎರಡೂ ಜೀತವೇ.

ರಾಯಚೂರು ಜಿಲ್ಲೆಯಲ್ಲಿ ಕೆಲಸ ಆಗ್ತಿಲ್ಲ ಅಂತ ನಾನು ಹೇಳ್ತಿಲ್ಲ. ಬೀದಿನಾಟಕ, ಜಾಥಾ, ಪ್ರತಿಜ್ಞೆ ನಡೀತಾವೆ. ಮಕ್ಕಳ ಸಹಾಯವಾಣಿ 1098 ಇದೆ, ಅದು ಬೇಕೇ ಬೇಕು. ನನ್ನ ತಕರಾರು ಅಳತೆಗೋಲಿನ ಬಗ್ಗೆ. ಎಷ್ಟು ಕಾರ್ಯಕ್ರಮ ಆಯ್ತು, ಎಷ್ಟು ಜನ ಸೇರಿದ್ರು ಅನ್ನೋದೇ ಸಾಧನೆ ಆಗ್ಬಿಟ್ಟಿದೆ. ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ, ಬಗ್ ಹಾಗೇ ಇದೆ, ಟಿಕೆಟ್ ಮಾತ್ರ ಕ್ಲೋಸ್.

ಜಾಗೃತಿ ಕಮ್ಮಿ ಇರೋದಕ್ಕೇ ಜನ ಗುಳೆ ಹೋಗ್ತಾರಾ? ಮಾನ್ವಿ ಕಡೆ ಹೋಗಿ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರೋ ಊರಲ್ಲಿ ಭತ್ತದ ಗದ್ದೆ ಕೆಲಸ ಸಿಗುತ್ತೆ. ನೀರು ಮುಟ್ಟದ ಕೊನೆಭಾಗದ ಊರಲ್ಲಿ ಮನೆಗಳಿಗೆ ಬೀಗ. ಎರಡೂ ಊರಿನ ಗೋಡೆ ಮೇಲೆ ಪೋಸ್ಟರ್ ಅದೇ. ಬೇರೆ ಇರೋದು ನೀರು ಮತ್ತು ಕೂಲಿ.

2006ರಲ್ಲಿ ಉದ್ಯೋಗ ಖಾತ್ರಿ ಶುರುವಾದಾಗ ದೇಶದ ಮೊದಲ 200 ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. 15 ದಿನದೊಳಗೆ ಕೂಲಿ ಕೊಡಬೇಕು ಅಂತ ಕಾಯ್ದೆಯಲ್ಲೇ ಬರೆದಿದ್ರು. ಆದ್ರೆ ಗುತ್ತೇದಾರ ಕೆಲಸಕ್ಕೆ ಮೊದಲೇ ದುಡ್ಡು ಕೊಡ್ತಾನೆ. ಸರ್ಕಾರಿ ಕೂಲಿ ತಡವಾದಷ್ಟೂ ಅವನ ಕೈ ಮೇಲಾಗುತ್ತೆ. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯ ದಲಿತ ಕೂಲಿ ಹೆಣ್ಮಕ್ಕಳು ಒಟ್ಟಾಗಿ ನಿಂತು ಕೆಲಸ ಕೇಳಿದ್ರಲ್ಲ, ನನ್ನ ಪ್ರಕಾರ ಅದೇ ನಿಜವಾದ ಕಳ್ಳಸಾಗಣೆ ತಡೆ.

ಕಾನೂನಿನಲ್ಲೂ ಒಂದು ತೂತಿದೆ. 1979ರ ವಲಸೆ ಕಾರ್ಮಿಕರ ಕಾಯ್ದೆ ಗುತ್ತೇದಾರನಿಗೆ ಲೈಸೆನ್ಸ್, ಕೂಲಿಯವರಿಗೆ ಪ್ರಯಾಣ ಭತ್ಯೆ ಅಂತೆಲ್ಲ ಹೇಳಿತು, ಆದ್ರೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. 2020ರ ಸಂಹಿತೆಯಲ್ಲೂ 'ಅಂತರರಾಜ್ಯ' ಅನ್ನೋ ಪದ ಹಾಗೇ ಉಳೀತು. ಅಂದ್ರೆ ದೇವದುರ್ಗದಿಂದ ಹೈದರಾಬಾದಿಗೆ ಹೋದವನು ವಲಸೆ ಕಾರ್ಮಿಕ. ಅದಕ್ಕಿಂತ ದೂರದ ಬೆಂಗಳೂರಿಗೆ ಬಂದ ಚಿಗವ್ವ ಆ ಲೆಕ್ಕದಲ್ಲೇ ಇಲ್ಲ.

ನಾವೂ ಇದರ ಹೊರಗೇನಿಲ್ಲ. 2020ರ ಮೇ ತಿಂಗಳಲ್ಲಿ ಬಿಲ್ಡರ್‌ಗಳ ಜೊತೆ ಸಭೆ ಆದ ಮೇಲೆ ರಾಜ್ಯ ಸರ್ಕಾರ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿತ್ತು. ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಆ ಬಿಲ್ಡರ್‌ಗಳ ಫ್ಲಾಟು ಕೊಳ್ಳೋರು ನಾವೇ. ಕಟ್ಟಡದ ವೆಚ್ಚದ ಮೇಲೆ ಕಾರ್ಮಿಕರ ಹೆಸರಿನಲ್ಲಿ ಶೇಕಡಾ 1ರಷ್ಟು ಸೆಸ್ ಕಟ್ಟಿಸ್ಕೊಳ್ತಾರೆ. ಮಂಡಳಿಯ ಕಾರ್ಡ್ ಇಲ್ಲದಿದ್ರೆ ಅದರಲ್ಲಿ ಚಿಗವ್ವನಿಗೆ ಒಂದು ರೂಪಾಯಿನೂ ಸಿಗಲ್ಲ.

ಹಾಗಾಗಿ ಮುಂದಿನ ಸಲ ಲೆಕ್ಕ ಹಾಕೋರು ಜಾಥಾ ಎಣಿಸೋದು ಬಿಟ್ಟು ಮೂರು ಪ್ರಶ್ನೆ ಕೇಳಲಿ. ಊರಲ್ಲಿ ಈ ವರ್ಷ ಎಷ್ಟು ಮನೆಯವರು ಮುಂಗಡ ತಗೊಂಡ್ರು? ಸರ್ಕಾರಿ ಕೂಲಿ ಎಷ್ಟು ದಿನಕ್ಕೆ ಕೈ ಸೇರಿತು? ಹೋದವರ ಹತ್ರ ಕಾರ್ಡೂ, ಮುಂಗಡ ಎಷ್ಟು ತೀರಿದೆ ಅನ್ನೋ ಬರಹವೂ ಇದೆಯಾ?

ನಾನು ಕೆಲಸಕ್ಕೆ ಸೇರುವಾಗ ನನಗೂ ಬೋನಸ್ ಕೊಟ್ಟಿದ್ರು. ವರ್ಷದೊಳಗೆ ಬಿಟ್ರೆ ಎಷ್ಟು ವಾಪಸ್ ಕಟ್ಟಬೇಕು ಅಂತ ಪತ್ರದಲ್ಲಿ ಬರೆದಿತ್ತು. ಅದೂ ಒಂಥರಾ ಮುಂಗಡವೇ. ಆದ್ರೆ ನನ್ನ ಹತ್ರ ಪತ್ರ ಇತ್ತು, ಚಿಗವ್ವನ ಹತ್ರ ಬಸ್ ಟಿಕೆಟ್ ಮಾತ್ರ ಇತ್ತು.