ಕಲ್ಯಾಣದ ಕ್ರಾಂತಿ, ಫ್ರಾನ್ಸಿನ ಕ್ರಾಂತಿ: ಒಂದು ಹೋಲಿಕೆಯ ವಿಮರ್ಶೆ

ಬಸವ ಜಯಂತಿಯ ವೇದಿಕೆಗಳಲ್ಲಿ ಒಂದು ಮಾತು ರೂಢಿಯಾಗಿಬಿಟ್ಟಿದೆ. ಫ್ರಾನ್ಸಿನವರು 1789ರಲ್ಲಿ ಸಾರಿದ ಸಮಾನತೆಯನ್ನು ನಮ್ಮ ಶರಣರು ಆರುನೂರು ವರ್ಷಗಳ ಹಿಂದೆಯೇ ಸಾಧಿಸಿದ್ದರು, ಅನುಭವ ಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟು, ಎಂಬುದು ಆ ಮಾತು. 2015ರಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ, ಅಲ್ಲಿನ ಪಾರ್ಲಿಮೆಂಟಿಗೆ ಸಮೀಪದಲ್ಲಿಯೇ ಬಸವಣ್ಣನವರ ಪ್ರತಿಮೆ ಅನಾವರಣಗೊಂಡ ಮೇಲಂತೂ ಈ ಹೋಲಿಕೆಗೆ ಮುದ್ರೆ ಬಿದ್ದಂತಾಗಿದೆ. ಸದ್ಭಕ್ತರ ಸಂತೋಷಕ್ಕೆ ನಾವು ಅಡ್ಡಬರುವವರಲ್ಲ. ಆದರೆ ಹೋಲಿಸಿದ ಮೇಲೆ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕಷ್ಟೆ.

ಪಶ್ಚಿಮದ ಬದಲಾವಣೆ ಒಂದೇ ದಿನದ್ದಲ್ಲ. ಹದಿನೈದನೆಯ ಶತಮಾನದ ಮುದ್ರಣಯಂತ್ರ, 1517ರ ಲೂಥರನ ಪ್ರತಿಭಟನೆ, ದೊರೆಯ ಅಧಿಕಾರಕ್ಕೆ ಕಟ್ಟುಹಾಕಿದ 1689ರ ಇಂಗ್ಲೆಂಡಿನ ಶಾಸನ, ಲಾಕ್ ಮತ್ತು ರೂಸೋ ಅವರ ಗ್ರಂಥಗಳು, ಇವೆಲ್ಲ ಹದಮಾಡಿದ ನೆಲದಲ್ಲಿ 1789ರ ಆಗಸ್ಟ್ 26ರಂದು ಮಾನವ ಹಕ್ಕುಗಳ ಘೋಷಣೆ ಹೊರಬಂದಿತು. ಅದರ ವಿಶೇಷವೆಂದರೆ, ವಿಚಾರವು ಕಾನೂನಾಯಿತು. ನಂಬದವನನ್ನೂ ಅದು ಬಂಧಿಸುವಂತಾಯಿತು.

ಅದರ ಕ್ರೌರ್ಯವೂ ಅಷ್ಟೇ ನಿಜ. 1793ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ದೇವಾಲಯದ ಮುಂಭಾಗದಲ್ಲಿದ್ದ 28 ರಾಜವಿಗ್ರಹಗಳನ್ನು ಫ್ರೆಂಚ್ ದೊರೆಗಳವೆಂದು ಭ್ರಮಿಸಿ ಕೆಡವಿ ತಲೆ ಕಡಿದರು. ಅವು ಬೈಬಲ್ಲಿನ ಯೂದ ದೇಶದ ರಾಜರ ವಿಗ್ರಹಗಳು! ಅವುಗಳಲ್ಲಿ 21 ತಲೆಗಳು 1977ರಲ್ಲಿ ನೆಲದಡಿ ಸಿಕ್ಕವು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಉಳಿ ಹಿಡಿದು ಕುಳಿತ ಶಿಲ್ಪಿಗಳನ್ನು ಕಂಡವರಿಗೆ, ಕಲ್ಲಿನಲ್ಲಿ ಒಂದು ಮುಖ ಮೂಡಲು ಎಷ್ಟು ಕಾಯಕ ಬೇಕೆಂಬುದು ಗೊತ್ತು. ಬಸವಣ್ಣನವರು ಹಿಡಿದದ್ದು ಒಡೆಯುವ ದಾರಿಯಲ್ಲ. ಕರಸ್ಥಲದ ಲಿಂಗವನ್ನು ಎಲ್ಲ ಕುಲದವರಿಗೂ ತೆರೆದಿಟ್ಟದ್ದರಿಂದ ಗುಡಿಯ ಬಾಗಿಲಲ್ಲಿ ಕಾಯುವ ಅಗತ್ಯವೇ ತಪ್ಪಿತು. (ಏಕಾಂತದ ರಾಮಯ್ಯನ ಅಬ್ಬಲೂರಿನ ಪ್ರಸಂಗವನ್ನು ಮರೆತು ಈ ಮಾತು ಹೇಳುತ್ತಿಲ್ಲ.) ಸ್ತ್ರೀಯರ ವಿಷಯದಲ್ಲಿಯೂ ಕಲ್ಯಾಣದ ತಟ್ಟೆಯೇ ತೂಗುತ್ತದೆ. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮನವರು ಶರಣರ ಸರಿಸಮಕ್ಕೆ ಮಾತನಾಡಿದರು; ಫ್ರಾನ್ಸಿನ ಸ್ತ್ರೀಗೆ ಮತದಾನದ ಹಕ್ಕು ದೊರೆತದ್ದು 1944ರಲ್ಲಿ.

ಆದರೆ ನಮ್ಮ ಪ್ರವಚನಗಳು ಹರಳಯ್ಯ ಮಧುವರಸರ ಮಕ್ಕಳ ವಿವಾಹಕ್ಕೆ ಬಂದು ನಿಂತುಬಿಡುತ್ತವೆ. ಮರುದಿನ ಏನಾಯಿತು? ಈ ಪ್ರಶ್ನೆಯನ್ನು ಕೇಳಿದವರು ನಾಟಕಕಾರರು: 1971ರಲ್ಲಿ ‘ಸಂಕ್ರಾಂತಿ’ ಬರೆದ ಲಂಕೇಶರು, 1990ರಲ್ಲಿ ‘ತಲೆದಂಡ’ ಬರೆದ ಕಾರ್ನಾಡರು. ಅವರ ಚಿತ್ರಣವೆಲ್ಲ ನಮಗೆ ಸಮ್ಮತವಲ್ಲ, ಪ್ರಶ್ನೆ ಮಾತ್ರ ನ್ಯಾಯವಾದದ್ದು. ಶರಣರು ಚದುರಿದರು. ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಪೂಜೆಗೊಳ್ಳುತ್ತ ಉಳಿದವು. ಲೂಥರನ ಕಾಲಕ್ಕೆ ಅಚ್ಚಿನ ಮೊಳೆ ಸಿದ್ಧವಾಗಿತ್ತು. ವಚನಗಳು ವಿಶಾಲ ಜನತೆಯನ್ನು ತಲುಪಲು ವಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತರುವವರೆಗೆ ಕಾಯಬೇಕಾಯಿತು. ಆ ಏಳೂವರೆ ಶತಮಾನಗಳಲ್ಲಿ ಮಠಗಳು ಕಟ್ಟಲ್ಪಟ್ಟವು, ಅನ್ನ ವಿದ್ಯೆಗಳನ್ನು ನೀಡಿದವು, ಜೊತೆಗೆ ಒಳಪಂಗಡಗಳನ್ನೂ ಪೋಷಿಸಿದವು. ಹರಳಯ್ಯನ ಕುಲದವರಿಗೆ ಅಸ್ಪೃಶ್ಯತೆಯಿಂದ ಕಾನೂನಿನ ರಕ್ಷಣೆ ಬಂದದ್ದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯಿಂದ, ನಮ್ಮ ಪೀಠಗಳ ಅಪ್ಪಣೆಯಿಂದಲ್ಲ.

ಅನುಭವ ಮಂಟಪವನ್ನು ಪಾರ್ಲಿಮೆಂಟೆಂದು ಕರೆಯುವ ನಾವು, ಪೀಠದ ಉತ್ತರಾಧಿಕಾರಿಯನ್ನು ಆರಿಸುವ ದಿನ ವಟುವಿನ ಅಧ್ಯಯನಕ್ಕಿಂತ ಮೊದಲು ಅವನ ಮನೆತನವನ್ನು ವಿಚಾರಿಸುವುದು ಅನೇಕ ಕಡೆ ಇಂದಿಗೂ ನಡೆದೇ ಇದೆ. ಮುಂದಿನ ಜಯಂತಿಯ ವೇದಿಕೆಯಲ್ಲಿ ಫ್ರಾನ್ಸಿನ ಹೆಸರೆತ್ತುವ ಉಪನ್ಯಾಸಕರು ಈ ವಿಷಯವನ್ನೂ ಎತ್ತಿಕೊಳ್ಳಲಿ. ಎದುರಿಗೆ ಕುಳಿತಿರುವ ಸ್ವಾಮಿಗಳು ನಾವೇ ಆಗಿದ್ದರೂ ಸರಿ.